ಅಂಟುಮದ್ದು

ಜ್ವರ ಒಬ್ಬರಿಂದ ಒಬ್ಬರಿಗೆ ಅಂಟುತ್ತದಲ್ಲ, ಹಾಗೆಯೇ ಮದ್ದೂ ಅಂಟುವಂತಿದ್ದರೆ? ಒಂದು ಪ್ರಾಣಿಗೆ ಚುಚ್ಚಿದರೆ ಸಾಕು, ಅದು ಇನ್ನೊಂದರ ಮೂತಿ ಮೂಸಿದಾಗ, ಕಿವಿ ನೆಕ್ಕಿದಾಗ ಮದ್ದು ತಾನಾಗಿಯೇ ದಾಟಿಹೋಗುವ ಹಾಗಿದ್ದರೆ? ಸುಳಿಗುಡ್ಡಕ್ಕೆ ಬಂದ ಡಾಕ್ಟರು ಇಂಥದೊಂದು ಮದ್ದು ತಂದಿದ್ದಾರೆ ಎಂದು ಕೇಳಿದ ದಿನ ಜಟ್ಟಮ್ಮ ನಕ್ಕುಬಿಟ್ಟಿದ್ದಳು.

"ಒಳ್ಳೇದು ಯಾವತ್ತಾದ್ರೂ ಅಂಟೂದುಂಟಾ ಡಾಕ್ಟ್ರೆ? ಅಂಟೂದೆಲ್ಲ ತುರಿ, ಕಜ್ಜಿ, ನೆಗಡಿ."

ಈಗ ಅವಳು ಮೀನು ಒಣಹಾಕುವ ಮರಳಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಸತ್ತ ನರಿಯೊಂದನ್ನು ನೋಡುತ್ತಿದ್ದಳು. ನಗು ಎಲ್ಲಿಂದ ಬರಬೇಕು?

ಸುಳಿಗುಡ್ಡದ ನರಿ ಎಂದರೆ ಬೆಕ್ಕಿಗಿಂತ ಒಂದು ಗೇಣು ಉದ್ದ, ಅಷ್ಟೆ. ಬೆನ್ನು ಬೂದಿ ಬಣ್ಣ, ಕಿವಿಯ ಹಿಂದೆ ಕೆಂಪು. ದಡದಿಂದ ದೋಣಿಯಲ್ಲಿ ಒಂದೂವರೆ ತಾಸಿನ ದಾರಿಯಾದ ಈ ದ್ವೀಪ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಅದು ಇಲ್ಲ. ಕಡಲು ಮೇಲೇರಿ ದ್ವೀಪದ ತಗ್ಗನ್ನೆಲ್ಲ ನುಂಗಿದ ವರ್ಷಗಳಲ್ಲಿ ನರಿಗಳೂ ಮನುಷ್ಯರೂ ಮೇಲುಮೇಲಕ್ಕೆ ಸರಿದು ಒತ್ತೊತ್ತಾಗಿ ಬದುಕುವುದನ್ನು ಕಲಿತರು. ಮನುಷ್ಯರದು ಉಳಿದದ್ದು ಐದೇ ಮನೆ, ಎಲ್ಲ ಮೀನು ಹಿಡಿಯುವ ಹರಿಕಂತ್ರರವು. ಸರಕಾರ ಅವರನ್ನೂ ಎಬ್ಬಿಸುವುದರಲ್ಲಿತ್ತು. ಕೊನೆಗೆ ಒಂದು ಕರಾರಾಯಿತು. ನಾಯಿ ತರುವಂತಿಲ್ಲ, ಬೆಕ್ಕು ತರುವಂತಿಲ್ಲ, ನರಿಗೆ ತಿನ್ನಲು ಹಾಕುವಂತಿಲ್ಲ. ಯಾವ ಮನೆ ತಪ್ಪಿದರೂ ಐದೂ ಮನೆ ಏಳಬೇಕು. ಹನ್ನೊಂದು ವರ್ಷದ ಹಿಂದೆ ಅದಕ್ಕೆ ಹೆಬ್ಬೆಟ್ಟು ಒತ್ತಿದವರಲ್ಲಿ ಜಟ್ಟಮ್ಮನೇ ಮೊದಲು.

ಸತ್ತ ನರಿಯ ಬಾಯಂಚಿನಲ್ಲಿ ನೊರೆ ಒಣಗಿ ಅಂಟಿತ್ತು. ಮೂಗಿನ ಮೇಲೆ ಹಳದಿ ಹೊಪ್ಪಳೆ. ಸುತ್ತಲಿನ ಮರಳಿನ ಮೇಲೆ ಅದರ ಹೆಜ್ಜೆ ಗಾಣದ ಎತ್ತಿನಂತೆ ಒಂದೇ ಸುತ್ತು, ಅದೇ ಸುತ್ತು ಬಿದ್ದಿತ್ತು. ಜಟ್ಟಮ್ಮ ಇದನ್ನು ಮೊದಲೂ ಕಂಡಿದ್ದಳು. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ದೀಪಸ್ತಂಭ ಕಟ್ಟಲು ಬಂದವರು ಎರಡು ನಾಯಿ ತಂದಿದ್ದರು. ಆ ಚಳಿಗಾಲ ನರಿಗಳು ಹೀಗೆಯೇ ಸುತ್ತು ತಿರುಗಿ, ಬಾಯಲ್ಲಿ ಏನೂ ಇಲ್ಲದೆ ಜಗಿದು ಜಗಿದು ಸತ್ತವು. ಕೊನೆಗೆ ಹನ್ನೆರಡು ಉಳಿದಿದ್ದವು. ಎಣಿಸಿದವಳು ಅವಳೇ, ಎರಡು ಕೈಯ ಬೆರಳು ಸಾಲದೆ ಅಣ್ಣನ ಎರಡು ಬೆರಳು ಸಾಲ ತೆಗೆದುಕೊಂಡು.

ಅವಳು ನರಿಯನ್ನು ಮೀನಿನ ಬುಟ್ಟಿಯಲ್ಲಿಟ್ಟು, ಮೇಲೆ ಬಾಳೆಲೆ ಮುಚ್ಚಿ, ಗುಡ್ಡ ಹತ್ತಿದಳು.

ಗುಡ್ಡದ ತುದಿಯಲ್ಲಿ ಹಳೆಯ ದೀಪಸ್ತಂಭದ ಕಾಲಡಿಗೆ ಕಂಟ್ರೋಲ್ ರೂಮು. ಅಲ್ಲಿ ಡಾಕ್ಟರ್ ಮ್ಯಾಗೇರಿ ಒಬ್ಬರೇ. ಬಾಗಲಕೋಟೆ ಕಡೆಯವರು, ನಲವತ್ತು ದಾಟಿದವರು, ಕಡಲು ಕಂಡರೆ ಈಗಲೂ ಅಂಜಿಕೆ. ದೋಣಿ ಹತ್ತುವಾಗ ಕಣ್ಣು ಮುಚ್ಚಿಕೊಂಡು ಒಂದು ಕೈಯಿಂದ ಈರಪ್ಪನ ಅಂಗಿ ಹಿಡಿಯುತ್ತಿದ್ದರು. ಈರಪ್ಪ ಎಂದರೆ ಜಟ್ಟಮ್ಮನ ಮಗ. "ನಮ್ಮ ಡಾಕ್ಟ್ರು ದೋಣಿ ಹತ್ತಿದ್ರೆ ನಂಗೆ ಒಂದು ಅಂಗಿ ಲುಕ್ಸಾನು" ಎಂದು ಅವನು ನಗಿಸುತ್ತಿದ್ದ.

ಗೋಡೆಯ ತುಂಬ ಪರದೆ. ಪರದೆಯ ಮೇಲೆ ದ್ವೀಪದ ನಕ್ಷೆ, ಅದರ ಮೇಲೆ ಚುಕ್ಕೆಗಳು. ಪ್ರತಿ ನರಿಯ ಕೊರಳಿಗೂ ತೆಳುವಾದ ಒಂದು ಪಟ್ಟಿ, ಪಟ್ಟಿಯ ಒಳಮೈಯಲ್ಲಿ ಜೋಳದ ಕಾಳಿನಷ್ಟು ಒಂದು ಮಣಿ. ಮಣಿ ಚರ್ಮದ ಮೇಲಿನಿಂದಲೇ ರಕ್ತ ಓದುತ್ತದೆ. ಮದ್ದು ತಲುಪದ ನರಿ ಬೂದು ಚುಕ್ಕೆ. ಮದ್ದು ತಲುಪಿದ ಗುರುತು ರಕ್ತದಲ್ಲಿ ಕಂಡರೆ ಹಸಿರು, ಜ್ವರ ಏರಿದರೆ ಕೆಂಪು, ಜೀವ ಹೋದರೆ ಕಪ್ಪು. ಜಟ್ಟಮ್ಮನಿಗೆ ಅಕ್ಷರ ಬಾರದಿದ್ದರೂ ಈ ಬಣ್ಣ ಓದಲು ಎರಡೇ ದಿನ ಸಾಕಾಗಿತ್ತು. ಸಂಜೆ ಮೀನು ಎತ್ತಿಟ್ಟು ಮೇಲೆ ಬಂದು, ಹೊಸ್ತಿಲಲ್ಲಿ ಕೂತು, "ಇವತ್ತೆಷ್ಟು ಹಸಿರಾದ್ವು?" ಎಂದು ಕೇಳುವುದು ಅವಳ ರೂಢಿಯಾಗಿತ್ತು. ಇಪ್ಪತ್ತೊಂಬತ್ತು ದಿನದ ಹಿಂದೆ ಆರು ನರಿಗಳಿಗೆ ಮದ್ದು ಚುಚ್ಚಿದ್ದು. ಎಪ್ಪತ್ತೊಂಬತ್ತರಲ್ಲಿ ಈಗ ಇಪ್ಪತ್ತೇಳು ಹಸಿರಾಗಿದ್ದವು.

ಅವತ್ತು ಅವಳು ಹೊಸ್ತಿಲಲ್ಲಿ ಕೂರದೆ ನೇರ ಒಳಗೆ ಹೋದಳು. ಬುಟ್ಟಿ ಇಳಿಸಿ ಎಲೆ ಸರಿಸಿದಳು.

"ನಾಕನೇದು" ಎಂದರು ಮ್ಯಾಗೇರಿ. ಗಡ್ಡ ಬಿಟ್ಟಿದ್ದರು, ಕಣ್ಣು ಒಳಗೆ ಹೋಗಿತ್ತು. "ನನ್ನ ಕೈಯಾರ ಕೊಂದಂಗಾತು ಆಯಿ."

"ನೀವೆಂತಕೆ ಕೊಲ್ತ್ರಿ?"

"ಈ ನಾಕೂ ನೋಡ್ರಿ." ಅವರು ಪರದೆಯನ್ನು ಹಿಂದಿನ ದಿನಗಳಿಗೆ ಓಡಿಸಿದರು. ನಾಲ್ಕು ಚುಕ್ಕೆ ಬೂದು ಇದ್ದವು, ಹಸಿರಾದವು, ಎರಡು ದಿನಕ್ಕೆ ಕೆಂಪಾದವು, ಆಮೇಲೆ ಕಪ್ಪಾದವು. "ಮದ್ದು ಹತ್ತಿತು, ಎರಡು ದಿನಕ್ಕ ಜ್ವರ ಬಂತು, ಸತ್ವು. ಈ ಮದ್ದು ಮಾಡಿದ್ದು ನಾಯಿಯಿಂದ ನರಿಗೆ ಹತ್ತೋ ಆ ರೋಗದ ಬೀಜದಿಂದಾನ. ಅದರ ಹಲ್ಲು ಕಿತ್ತು ಬಿಟ್ಟೀನಿ ಅನ್ಕೊಂಡಿದ್ದೆ. ಒಂದು ನರಿಯಿಂದ ಇನ್ನೊಂದಕ್ಕ ಹೋದಂಗ ಸೊರಗಬೇಕು, ಐದನೇ ನರಿಗೆ ಮುಗೀಬೇಕು, ಹಂಗ ಮಾಡೀನಿ. ಆದರ ಎಲ್ಲೋ ಒಂದ್ಕಡೆ ಅದಕ್ಕ ಹಲ್ಲು ತಿರುಗಿ ಬಂದಾವ."

"ಎಲ್ಲಿ ಅಂತ ಗೊತ್ತಾಗ್ತದಾ?"

ಡಾಕ್ಟರು ಮೀನು ಒಣಹಾಕುವ ಮರಳಿನ ಹಿಂಬದಿಯ ಮೇಲೆ ಬೆರಳಿಟ್ಟರು. ಅಲ್ಲಿ, ಹದಿನಾರು ದಿನದ ಹಿಂದೆ, ಐದು ಚುಕ್ಕೆ ಒಂದೇ ಕಡೆ ಸೇರಿದ್ದವು. ನಾಲ್ಕು ಬೂದು, ಒಂದು ಹಸಿರು. "ಈ ಹಸಿರು ಹೆಣ್ಣು ನರಿ. ಇದರಿಂದ ಕೆಟ್ಟ ಮದ್ದು ಆ ನಾಕಕ್ಕೂ ಹೋತು. ಇದೊಂದು ಗಟ್ಟಿ ಐತಿ, ಅವು ತಡೀಲಿಲ್ಲ. ಆದರ ಆವತ್ತ ಅಲ್ಲೇ ಯಾಕ ಕೂಡಿದ್ವು ಅನ್ನೋದು ತಿಳಿವಲ್ದು."

ಜಟ್ಟಮ್ಮನ ಕೈ ಬುಟ್ಟಿಯ ಅಂಚನ್ನು ಹಿಡಿದದ್ದು ಹಿಡಿದಂತೆಯೇ ನಿಂತಿತು.

"ಮುಂದೆ ಎಂತ ಮಾಡ್ತ್ರಿ?"

"ನಾ ಮಾಡೋದೇನೈತ್ರಿ. ಮ್ಯಾಲಿನ ಆಫೀಸಿಂದ ಆರ್ಡರ್ ಬಂದೈತಿ. ನಾಳೆ ಮಧ್ಯಾಹ್ನ ಬೋಟ್ ಬರ್ತದ. ಸೂಜಿ ಬಂದೂಕಿನ ಮಂದಿ ಬರ್ತಾರ. ಹಸಿರಿದ್ದ ಇಪ್ಪತ್ತೇಳನ್ನೂ ಮಲಗಿಸಿಬಿಡ್ತಾರ." ಮಲಗಿಸುವುದು ಎಂದರೇನೆಂದು ಅವರು ಬಿಡಿಸಿ ಹೇಳಲಿಲ್ಲ, ಅವಳು ಕೇಳಲೂ ಇಲ್ಲ.

"ಪಟ್ಟಣದಲ್ಲಿ ಪರೀಕ್ಷೆ ಮಾಡ್ಸಿ."

"ಕಳಿಸೀನಿ. ಐದು ದಿನ ಬೇಕಂತ. ಐದು ದಿನ ಕಾಯ್ರಿ ಅಂದ್ರ, ಅಷ್ಟರಾಗ ಉಳಿದವಕ್ಕೂ ಹತ್ತಿದ್ರ ಜವಾಬ್ದಾರಿ ನಿಮ್ಮದಾ ಅಂತ ಕೇಳ್ತಾರ. ಆಗಲಿ ಅನ್ನೋ ಧೈರ್ಯ ನನಗ ಬರಲಿಲ್ಲ ಆಯಿ."

ಬುಟ್ಟಿ ಅಲ್ಲೇ ಬಿಟ್ಟು ಅವಳು ಗುಡ್ಡ ಇಳಿದಳು. ಇಳಿದವಳು ನೇರ ಮರಳಿನ ಹಿಂಬದಿಗೆ ಹೋಗಿ ನಿಂತಳು.

ಹದಿನೇಳು ದಿನದ ಹಿಂದಿನ ಮಾತು. ಹೊಳೆಯ ನೆರೆ ಇಳಿದ ಮೇಲೆ ಈರಪ್ಪ ಬಲೆಗೆ ಹೋಗಿದ್ದ. ಅಳಿವೆಯಿಂದ ಬಲು ದೂರ, ದ್ವೀಪದ ಹತ್ತಿರ, ಮುರಿದ ಬಾಗಿಲಿನ ಮೇಲೆ ಒಂದು ನಾಯಿ ತೇಲುತ್ತಿತ್ತು. ನೀರಲ್ಲಿ ಜೀವ ಸಿಕ್ಕಿದರೆ ಬಿಟ್ಟು ಬರುವುದು ಹರಿಕಂತ್ರರಲ್ಲಿಲ್ಲ. ಎತ್ತಿಕೊಳ್ಳಬೇಕು, ಮೊದಲು ಸಿಕ್ಕ ದಡದಲ್ಲಿ ಸಿಹಿನೀರು ಕುಡಿಸಬೇಕು, ಅನ್ನ ಇಡಬೇಕು. ಮನುಷ್ಯನಾಗಲಿ, ಆಡಾಗಲಿ, ಹಾವಾಗಲಿ. ಇವತ್ತು ಬಿಟ್ಟು ಬಂದವನನ್ನು ನಾಳೆ ನೀರಿನಿಂದ ಯಾರು ಎತ್ತುತ್ತಾರೆ? ಈರಪ್ಪನ ಅಪ್ಪ ಹೀಗೆ ಯಾವುದೋ ಊರಿನವರ ಕೈಯಲ್ಲಿ ಎರಡು ಸಲ ಬದುಕಿ ಬಂದಿದ್ದ. ಮೊದಲು ಸಿಕ್ಕ ದಡ ಸುಳಿಗುಡ್ಡವೇ ಆಗಿತ್ತು. ನಾಯಿಯನ್ನು ಬಲೆಯಲ್ಲಿ ಸುತ್ತಿ ಕೊಟ್ಟಿಗೆಗೆ ತಂದರು. ಜಟ್ಟಮ್ಮ ಗಂಜಿ ಕುಡಿಸಲು ನೋಡಿದಳು. ಅದು ಕೆಮ್ಮುತ್ತಿತ್ತು. ಬೆಳಗಾಗುವಷ್ಟರಲ್ಲಿ ಸತ್ತಿತ್ತು. ಅವಳೇ ಮರಳಿನ ಹಿಂಬದಿಯಲ್ಲಿ ಗುಂಡಿ ತೋಡಿ ಹುಗಿದು, ಕಡಲಿಂದ ಬಂದ ಹೆಣಕ್ಕೆ ಇಡುವ ಹಾಗೆ ಒಂದು ಹಿಡಿ ಅನ್ನ, ಒಂದು ಬಂಗಡೆ ಮೇಲಿಟ್ಟು ಬಂದಿದ್ದಳು.

ಬಂಗಡೆಯ ವಾಸನೆಗೆ ಯಾರು ಬರುತ್ತಾರೆಂದು ದ್ವೀಪದಲ್ಲಿ ಹುಟ್ಟಿ ಎಪ್ಪತ್ತು ದಾಟಿದವಳಿಗೆ ಹೊಳೆಯಲಿಲ್ಲ. ಮಾರನೆಯ ದಿನ ಗುಂಡಿ ಕೆದರಿದ್ದು ಕಂಡಿತ್ತು. ಮಣ್ಣೆಳೆದು ಮುಚ್ಚಿ, ಯಾರಿಗೂ ಹೇಳದೆ ಸುಮ್ಮನಾಗಿದ್ದಳು.

ಸಂಜೆ ಊಟಕ್ಕೆ ಕೂತಾಗ ಮಗನಿಗೂ ಸೊಸೆಗೂ ಎಲ್ಲ ಹೇಳಿದಳು. ಈರಪ್ಪ ತುತ್ತು ಕೈಯಲ್ಲೇ ಹಿಡಿದು ಕೂತ. ಸೊಸೆ ಮಂಕಾಳಿ ಸಾರಿನ ಪಾತ್ರೆ ಕುಕ್ಕಿದಳು.

"ಅತ್ತೆ, ನೀವು ಬಾಯಿ ಬಿಟ್ರೆ ಐದು ಮನೆ ಏಳ್ತದೆ. ಗೊತ್ತದಾ ನಿಮ್ಗೆ?"

"ಗೊತ್ತದೆ. ಹೆಬ್ಬೆಟ್ಟು ಒತ್ತಿದ್ದು ನಾನೇ."

"ದಡದಲ್ಲಿ ಎಂತ ಕೊಡ್ತಾರೆ? ಮೂರನೇ ಮಾಳಿಗೇಲಿ ಎರಡು ಕೋಣೆ. ಮೀನು ಎಲ್ಲಿ ಒಣಗ್ಸೂದು, ತಲೆ ಮೇಲಾ? ಬೀರಮ್ಮನ ಮಗಳಿಗೆ ಈಗಷ್ಟೇ ಹೆರಿಗೆ ಆಯ್ತು. ಅವ್ರಿಗೆಂತ ಹೇಳ್ತ್ರಿ? ನಮ್ಮನೇಲಿ ಒಂದು ನಾಯಿ ಸತ್ತದೆ, ನೀವೂ ಗಂಟು ಕಟ್ಟಿ ಅಂತಾ?"

ಬೀರಮ್ಮ ಎಂದರೆ ಪಕ್ಕದ ಮನೆಯವಳು, ಜಟ್ಟಮ್ಮನ ನಾದಿನಿ. ಜಟ್ಟಮ್ಮ ಮದುವೆಯಾಗಿ ಆ ಮನೆತನಕ್ಕೆ ಬಂದ ದಿನದಿಂದ ಇಬ್ಬರೂ ಒಂದೇ ಚಾಪೆಯ ಎರಡು ತುದಿ ಹಿಡಿದು ಮೀನು ಹರವಿದವರು.

"ನಾಳೆ ಬಂದೂಕಿನವರು ಬತ್ರು" ಎಂದಳು ಜಟ್ಟಮ್ಮ. "ಹಸಿರಾದವನ್ನೇ ಕೊಲ್ತ್ರು. ಸರಿಯಾಗಿ ಕೇಳೆ ಮಂಕಾಳಿ. ರೋಗ ತಡೆಯೂ ಶಕ್ತಿ ಇಪ್ಪುದು ಆ ಇಪ್ಪತ್ತೇಳಕ್ಕೇ. ಅವನ್ನ ಕೊಂದ್ಮೇಲೆ ಉಳಿದವನ್ನ ರೋಗ ತಿಂತದೆ. ನಾನು ಚಿಕ್ಕವಳಿದ್ದಾಗ ಹನ್ನೆರಡು ಉಳಿದಿದ್ವು. ಈ ಸಲ ಅಷ್ಟೂ ಇಲ್ಲ."

"ನಿಮ್ಗೆ ನರಿಯೇ ಹೆತ್ತ ಮಗಳು. ನಾನು ಮನೆಗೆ ಬಂದವಳು."

"ಮಂಕಾಳಿ" ಎಂದ ಈರಪ್ಪ.

"ನೀವು ಸುಮ್ನಿರಿ! ಎತ್ತಿ ತಂದವ್ರು ನೀವಲ್ದಾ?"

"ಹೌದು. ನಾಳೆ ಸಿಕ್ಕಿದ್ರೂ ಎತ್ತಿ ತತ್ತೆ" ಎಂದ ಅವನು. ಜಗಳಕ್ಕೆ ಹೇಳಿದ್ದಲ್ಲ. ತನಗೇ ಹೇಳಿಕೊಂಡ ಹಾಗಿತ್ತು. ಮಂಕಾಳಿ ಮುಖ ತಿರುಗಿಸಿ ಒಲೆಯ ಕಡೆ ಕೂತಳು.

ಬೆಳಗ್ಗೆ ಜಟ್ಟಮ್ಮ ಮೊದಲು ಹೋದದ್ದು ಬೀರಮ್ಮನ ಅಂಗಳಕ್ಕೆ. ಬೀರಮ್ಮ ಎಣ್ಣೆ ಹಚ್ಚಿದ ಮೊಮ್ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದಳು. ಜಟ್ಟಮ್ಮ ನಿಂತಲ್ಲೇ ನಿಂತು ಹೇಳಿದಳು. ನಾಯಿ, ಗುಂಡಿ, ಬಂಗಡೆ, ನರಿ, ಮಧ್ಯಾಹ್ನದ ಬೋಟು. ಬೀರಮ್ಮ ನಡುವೆ ಒಂದೇ ಒಂದು ಮಾತು ಕೇಳಿದಳು: "ಹೇಳಿಯೇ ಹೇಳ್ತ್ಯಾ?"

"ಹೇಳ್ತೆ."

ಬೀರಮ್ಮ ಮಗುವಿನ ಮೇಲೆ ನೀರು ಹೊಯ್ಯತೊಡಗಿದಳು. ಮತ್ತೆ ತಲೆ ಎತ್ತಲಿಲ್ಲ.

ಕಂಟ್ರೋಲ್ ರೂಮಿನಲ್ಲಿ ಮ್ಯಾಗೇರಿ ಕೇಳುತ್ತ ಕೇಳುತ್ತ ಕುರ್ಚಿಯಿಂದ ಎದ್ದೇಬಿಟ್ಟರು.

"ಹದಿನೇಳು ದಿನ ಆಯಿ! ಹದಿನೇಳು ದಿನ ನೀವು ಇದೇ ಹೊಸ್ತಿಲಮ್ಯಾಲ ಕುಂತು ಎಷ್ಟು ಹಸಿರಾದ್ವು ಅಂತ ಕೇಳೀರಿ! ಒಂದು ಮಾತು ಹೇಳಬಾರದಿತ್ತ? ನಾ ಇಲ್ಲಿ ತಲಿ ತಲಿ ಬಡಕೊಂಡೀನಿ, ನಾನೇ ಕೊಂದೆ ಅಂತ..."

"ಹೆದರಿದ್ದೆ" ಎಂದಳು ಜಟ್ಟಮ್ಮ. "ಬೈಯೂದು ಆಮೇಲೆ ಬೈಯಿರಿ. ಈಗ ಅದನ್ನ ನೋಡಿ." ಪರದೆಯ ಕಡೆ ಬೆರಳು ಮಾಡಿದಳು.

ಅವರು ನೋಡಿದರು. ಅದೇ ಐದು ಚುಕ್ಕೆ, ಅದೇ ಜಾಗ. ನಿನ್ನೆಯವರೆಗೆ ಹಸಿರು ಹೆಣ್ಣು ನರಿ ಉಳಿದ ನಾಲ್ಕಕ್ಕೂ ವಿಷ ಹಂಚಿದ ಹಾಗೆ ಕಂಡದ್ದು ಈಗ ತಿರುವುಮುರುವಾಯಿತು. ಐದೂ ಒಂದೇ ನಾಯಿಯ ಹೆಣಕ್ಕೆ ಬಾಯಿ ಹಾಕಿದ್ದವು. ಮದ್ದು ಇಲ್ಲದ ನಾಲ್ಕೂ ಸತ್ತವು. ಮದ್ದು ಇದ್ದದ್ದು ಒಂದೇ, ಅದು ಬದುಕಿದೆ. ಸತ್ತವು ಹಸಿರಾದದ್ದು ಮದ್ದಿನಿಂದಲ್ಲ. ಮದ್ದೂ ರೋಗವೂ ಒಂದೇ ಬೀಜದವಾದ್ದರಿಂದ ಮಣಿ ಎರಡಕ್ಕೂ ಒಂದೇ ಬಣ್ಣ ತೋರಿಸಿತ್ತು.

"ಇದು ಕೊಂದಿಲ್ಲ" ಎಂದರು ಮ್ಯಾಗೇರಿ ಮೆಲ್ಲಗೆ. "ನನ್ನ ಮದ್ದು ಕೊಂದಿಲ್ಲ." ಆಮೇಲೆ ಗಡಿಯಾರ ನೋಡಿ ಗಡಬಡಿಸಿ ಆಫೀಸಿಗೆ ಕರೆ ಹಚ್ಚಿದರು. ಬೋಟು ಆಗಲೇ ಬಂದರು ಬಿಟ್ಟಾಗಿತ್ತು.

ಪರದೆಯ ಮೂಲೆಯಲ್ಲಿ ಕನ್ನಡಕದ ಅಧಿಕಾರಿಯೊಬ್ಬರ ಮುಖ ಮೂಡಿತು. ಡಾಕ್ಟರು ಹೇಳಿದ್ದನ್ನೆಲ್ಲ ಕೇಳಿ ಅವರು ಅಂದರು, "ನಾಯಿ ಬಂದದ್ದಕ್ಕೆ ಸಾಕ್ಷಿ ಏನಿದೆ? ನಿಮ್ಮ ಮದ್ದನ್ನು ಉಳಿಸಿಕೊಳ್ಳಲು ನೀವು ಕಟ್ಟಿದ ಕಥೆ ಎಂದು ನಾಳೆ ಯಾರಾದರೂ ಹೇಳಿದರೆ?"

ಜಟ್ಟಮ್ಮ ಎದ್ದು ಪರದೆಯ ಮುಂದೆ ಬಂದಳು. ಸೆರಗು ಸರಿ ಮಾಡಿಕೊಂಡಳು.

"ನಾನು ಜಟ್ಟಮ್ಮ. ಇದೇ ದ್ವೀಪದವಳು. ನಾಯಿ ನಮ್ಮನೇಲಿ ಸತ್ತದೆ. ಗುಂಡಿ ತೋಡಿದ್ದು ನಾನು, ಬಂಗಡೆ ಇಟ್ಟದ್ದು ನಾನು. ನರಿ ಅರ್ಧ ಎಳ್ದದೆ, ಇನ್ನರ್ಧ ಅಲ್ಲೇ ಅದೆ. ಅಗೆದು ತೋರಿಸ್ತೆ."

"ಇದನ್ನು ಒಪ್ಪಿಕೊಂಡರೆ ಕರಾರಿನ ಪ್ರಕಾರ ಏನಾಗುತ್ತದೆ ಎಂದು ಗೊತ್ತೇನಮ್ಮ?"

"ಗೊತ್ತದೆ ಒಡೆಯಾ. ನಂಗೊಬ್ಬಳಿಗೇ ಆಗ್ತದಾ ಅಂತ ಕೇಳೂಕೆ ಬಂದೆ. ಉಳಿದ ನಾಲ್ಕು ಮನೆಯವ್ರಿಗೆ ಏನೂ ಗೊತ್ತಿರ್ಲಿಲ್ಲ."

ಅಧಿಕಾರಿ, ನಾಯಿಯ ಎಲುಬು ಪರೀಕ್ಷೆಯಾಗುವವರೆಗೆ ನರಿಗಳನ್ನು ಮುಟ್ಟಬಾರದೆಂದು ಬೋಟಿನವರಿಗೆ ಹೇಳಿ ಕಳಿಸಿ, ಅವಳ ಕಡೆ ತಿರುಗಿದರು. ಕೆಟ್ಟವರಂತೆ ಕಾಣಲಿಲ್ಲ. "ಕರಾರಿನಲ್ಲಿ ಹಾಗಿಲ್ಲ" ಎಂದರು.

ಬೋಟು ಬಂತು. ಬಂದೂಕಿನವರು ಇಳಿದು, ಬಂದೂಕನ್ನು ಬಂಡೆಗೆ ಒರಗಿಸಿ, ಈರಪ್ಪ ಅಗೆದು ತೆಗೆದ ನಾಯಿಯ ತಲೆಬುರುಡೆಯನ್ನೂ ಪಕ್ಕೆಲುಬನ್ನೂ ಚೀಲದಲ್ಲಿ ಕಟ್ಟಿಕೊಂಡು ಹೋದರು. ಒಂದು ಸೂಜಿಯೂ ಹಾರಲಿಲ್ಲ. ಹತ್ತು ದಿನ ಕಳೆದು ಇನ್ನೊಂದು ದೊಡ್ಡ ಬೋಟು ಬಂತು, ಐದು ಮನೆಗಳ ಪಾತ್ರೆ ಪಡಗ, ಬಲೆ, ಚಾಪೆ, ತೊಟ್ಟಿಲು ಹೇರಿಕೊಂಡು ಹೋಗಲು.

ಬಂದರಿನ ಹಿಂದಿನ ಆ ಕಟ್ಟಡದ ಮೂರನೆಯ ಮಾಳಿಗೆಯಲ್ಲಿ ಉದ್ದಕ್ಕೆ ಒಂದು ಜಗಲಿ, ಜಗಲಿಗೆ ಐದು ಬಾಗಿಲು. ಐದೂ ಬಾಗಿಲು ಸಾಲಾಗಿದ್ದರೂ ನಾಲ್ಕು ಬಾಗಿಲಿನವರು ಐದನೆಯ ಬಾಗಿಲಿನ ಮುಂದೆ ಹಾಯುವಾಗ ಕಡಲಿನ ಕಡೆ ನೋಡುತ್ತ ಹಾಯುತ್ತಿದ್ದರು. ಕಟ್ಟಡದವರು ಮೊದಲ ವಾರದಲ್ಲೇ ಬಂದು, ಮಾಳಿಗೆಯ ಮೇಲೆ ಮೀನು ಒಣಹಾಕಬಾರದು, ವಾಸನೆ ಬರುತ್ತದೆ ಎಂದರು. ಬೀರಮ್ಮ ಚಾಪೆ ಮಡಚಿ ಒಳಗಿಟ್ಟಳು. ಅವಳು ಜಟ್ಟಮ್ಮನ ಜೊತೆ ಮಾತು ಬಿಟ್ಟು ಒಂದು ತಿಂಗಳು ದಾಟಿತ್ತು.

ಮ್ಯಾಗೇರಿ ದಿನಾ ಸಂಜೆ ಫೋನು ಮಾಡುತ್ತಿದ್ದರು. ಜಟ್ಟಮ್ಮನಿಗೆ ಮೊದಲ ದಿನಗಳಲ್ಲಿ ಎತ್ತುವ ಧೈರ್ಯವಿರಲಿಲ್ಲ. ಯಾವ ಸುದ್ದಿ ಬರುತ್ತದೋ ಎಂದು ಅವಳು ಫೋನನ್ನು ಸೊಸೆಯ ಕಡೆ ಸರಿಸಿಬಿಡುತ್ತಿದ್ದಳು. ಎತ್ತಿದವಳು ಮಂಕಾಳಿ. "ಎಷ್ಟ್ರೀ?" ಎಂದು ಒರಟಾಗಿ ಕೇಳುವಳು, ಕೇಳಿ ಅತ್ತೆಯ ಕಡೆ ನೋಡದೆಯೇ ಗೋಡೆಗೆ ಹೇಳುವಳು: "ಮೂವತ್ನಾಕು ಹಸಿರಂತೆ. ಇವತ್ತು ಎರಡು ಸತ್ತಾವಂತೆ." ಮದ್ದು ಒಂದು ಹೆಜ್ಜೆ, ರೋಗ ಒಂದು ಹೆಜ್ಜೆ. ಎರಡೂ ಒಂದೇ ದಾರಿಯಲ್ಲಿ, ಮೂತಿಯಿಂದ ಮೂತಿಗೆ ಓಡುತ್ತಿದ್ದವು. ಎಪ್ಪತ್ತೊಂಬತ್ತು ಅರುವತ್ತಾಯಿತು. ಐವತ್ತೆರಡಾಯಿತು. ಮಂಕಾಳಿಯ ಧ್ವನಿ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತ ಹೋಯಿತು. ಗೋಡೆಗೆ ಹೇಳುವುದು ಬಿಟ್ಟು ಅವಳು ಜಗಲಿಗೆ ಬಂದು ಹೇಳತೊಡಗಿದಳು. ಆ ಹೊತ್ತಿಗೆ ನಾಲ್ಕು ಬಾಗಿಲುಗಳೂ ಸ್ವಲ್ಪ ಸ್ವಲ್ಪ ತೆರೆದಿರುತ್ತಿದ್ದವು.

ಅವತ್ತು ಮ್ಯಾಗೇರಿಯ ದನಿ ಬೇರೆಯಿತ್ತು. "ಆಯಿನ್ನ ಕರೀರಿ" ಎಂದರು. ಮಂಕಾಳಿ ಎಲ್ಲರಿಗೂ ಕೇಳುವಂತೆ ಫೋನನ್ನು ಜಗಲಿಯ ಕಟ್ಟೆಯ ಮೇಲಿಟ್ಟಳು.

"ಆಯಿ, ನಲವತ್ತು ಹಸಿರು. ಕೆಂಪು ಒಂದೇ ಉಳಿದೈತಿ. ಗಂಡು ನರಿ, ಬಡಗಣ ಮೂಲ್ಯಾಗ ಐತಿ. ಬೂದು ಐದು."

"ಆ ಐದು ಎಲ್ಲದಾವೆ?"

"ಬಡಗಣ ಕಡೆ ಬ್ಯಾರೆ ಒಂದು ಸಣ್ಣ ಕಲ್ಲುಗುಡ್ಡ ಐತಲ್ರಿ, ನಡುವ ನೀರು, ದೋಣಿ ಹಚ್ಚಾಕ ಬರಂಗಿಲ್ಲ. ಅದರ ಮ್ಯಾಲ. ಈ ಕಡೆಯಿಂದ ಒಂದು ನರೀನೂ ಅಲ್ಲಿಗೆ ಹೋಗವಲ್ದು. ಅದಕ್ಕ ರೋಗಾನೂ ಹೋಗಿಲ್ಲ, ಮದ್ದೂ ಹೋಗಿಲ್ಲ."

ಜಟ್ಟಮ್ಮ ಕಣ್ಣು ಮುಚ್ಚಿದಳು. ಅರುವತ್ತು ವರ್ಷದ ಭರತ ಇಳಿತಗಳು ಒಳಗೆ ಒಂದರ ಹಿಂದೊಂದು ಬಂದು ಹೋದವು. "ವರ್ಷಕ್ಕೊಂದು ದೊಡ್ಡ ಅಮಾಸೆ ಇಳಿತಕ್ಕೆ ಅಲ್ಲಿ ನೀರಿಂದ ಕಲ್ಲು ಮೇಲೇಳ್ತದೆ ಡಾಕ್ಟ್ರೆ. ಸಂಜೆ ಹೊತ್ತು, ಅರ್ಧ ತಾಸು. ಏಡಿ ತಿಂಬೂಕೆ ನರಿ ದಾಟ್ತದೆ. ಈ ಸಲದ್ದು ಅದೇ ಅಮಾಸೆ, ದಾಟ್ತದೆ."

ಆ ಕಡೆ ಡಾಕ್ಟರು ಉಸಿರು ಬಿಟ್ಟದ್ದು ಕೇಳಿಸಿತು. "ಹಸಿರು ದಾಟಿದ್ರ ಐದೂ ಉಳಿತಾವ. ಆ ಕೆಂಪು ದಾಟಿದ್ರ..."

"ಅದನ್ನ ಹಿಡ್ಕಣಿ."

"ನಾಕು ದಿನದಿಂದ ಹಿಂದ ಬಿದ್ದೀನಿ. ಕಲ್ಲಿನ ಬಿರುಕಿನ್ಯಾಗ ಹೊಕ್ಕೊಂತದ."

"ಹಾಗಾದ್ರೆ ಯಾರಾದ್ರೂ ಕಲ್ಲಿನ ಮೇಲೆ ನಿಲ್ಬೇಕು. ಹಸಿರನ್ನ ಬಿಡ್ಬೇಕು, ಅದನ್ನ ಓಡಿಸ್ಬೇಕು."

"ಸಮುದ್ರದ ನಡುವ?" ಮ್ಯಾಗೇರಿಯ ದನಿ ಕುಗ್ಗಿತು. "ಆಯಿ, ನೀರು ತಿರುಗಿ ಬಂದ್ರ ನನಗ ಈಜು ಬರಂಗಿಲ್ರಿ. ಆದರ ನಿಲ್ತೀನಿ."

"ನೀವು ನಿಂತ್ರೆ ನರಿ ದಾಟೂದಿಲ್ಲ, ನೀವೇ ದಾಟ್ತ್ರಿ" ಎಂದಳು ಮಂಕಾಳಿ. ಯಾವುದೋ ಬಾಗಿಲ ಹಿಂದೆ ಯಾರೋ ನಕ್ಕು ತಟ್ಟನೆ ನಿಲ್ಲಿಸಿದರು.

"ಅಲ್ಲಿ ನೀರು ಎತ್ಲಾಗಿಂದ ತಿರುಗ್ತದೆ ಅಂತ ನಮಗಷ್ಟೇ ಗೊತ್ತು" ಎಂದಳು ಜಟ್ಟಮ್ಮ. "ಆದ್ರೆ ನಾವು ದ್ವೀಪಕ್ಕೆ ಕಾಲಿಡೂ ಹಾಗಿಲ್ಲ. ನನ್ನ ಮೊಣಕಾಲೂ ಆ ಪಾಚಿ ಮೇಲೆ ನಿಲ್ಲೂದಿಲ್ಲ."

ಎರಡನೆಯ ಬಾಗಿಲು ಪೂರ್ತಿ ತೆರೆಯಿತು. ಬೀರಮ್ಮ ಮೊಮ್ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಹೊರಗೆ ಬಂದಳು. ಜಟ್ಟಮ್ಮನ ಮುಖ ನೋಡಲಿಲ್ಲ. ಕಟ್ಟೆಯ ಮೇಲಿನ ಫೋನಿನ ಕಡೆ ಬಗ್ಗಿದಳು.

"ಡಾಕ್ಟ್ರೆ, ಅಮಾಸೆಗೆ ಇನ್ನು ಆರು ದಿನ ಅದೆ. ಆಫೀಸಿನವ್ರ ಹತ್ರ ಅಪ್ಪಣೆ ಕೇಳಿ. ಕಲ್ಲಿನ ಮೇಲೆ ನಾ ನಿಲ್ತೆ."

"ಅವರು ಕೊಡಲಿಲ್ಲಂದ್ರ ಬೀರವ್ವಾ?"

ಬೀರಮ್ಮ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿದಳು. ಆಮೇಲೆ ಮೊದಲ ಸಲ ಜಟ್ಟಮ್ಮನ ಕಡೆ ತಿರುಗಿ ಕೇಳಿದಳು:

"ಅತ್ಗೆ, ಈರಪ್ಪನ ದೋಣಿ ಸರಿ ಅದೆಯಲ್ದಾ?"